ಗಾಲಿಕುರ್ಚಿ ಬ್ಯಾಡ್ಮಿಂಟನ್: ಬೆಳಗಾವಿಯಿಂದ ಕ್ಲಾಸಿಫಿಕೇಶನ್‌ವರೆಗೆ

ನನ್ನ ತಮ್ಮನ ಕ್ಲಾಸಿಫಿಕೇಶನ್, ಅಂದರೆ ಅಂಗವೈಕಲ್ಯ ನೋಡಿ ಆಟದ ವರ್ಗ ಗೊತ್ತುಮಾಡುವ ಪರೀಕ್ಷೆ, ಮೊನ್ನೆ ಮುಗಿಯಿತು. ಡಬ್ಲ್ಯೂಎಚ್2 ವರ್ಗ ಕೊಟ್ಟಿದ್ದಾರೆ. ಇನ್ನು ಅವನು ಗಾಲಿಕುರ್ಚಿ ಬ್ಯಾಡ್ಮಿಂಟನ್ ಟೂರ್ನಿಗಳಲ್ಲಿ ಹೆಸರು ಹಚ್ಚಬಹುದು. ಬೆಳಗಾವಿಯಲ್ಲಿ ಕೂತು ಇಷ್ಟು ಮಾಡಿಸಿಕೊಳ್ಳಲು ಎಲ್ಲಿಂದ ಶುರು ಮಾಡಬೇಕು, ಯಾರನ್ನು ಕೇಳಬೇಕು ಎಂದು ಪೂರ್ತಿ ಹೇಳುವವರು ನಮಗೆ ಸಿಗಲಿಲ್ಲ. ಮುಂದೆ ಬರುವವರು ಇಷ್ಟು ತಡಕಾಡಬಾರದು ಎಂದು ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ಕಾಗದಪತ್ರ, ಕುರ್ಚಿ, ಕೋರ್ಟು ಈ ಮೂರೂ ಕೆಲಸಗಳನ್ನು ಒಂದೇ ಸಲಕ್ಕೆ ಹಚ್ಚಿಕೊಳ್ಳಿ. ಒಂದು ಮುಗಿದ ಮೇಲೆ ಇನ್ನೊಂದು ಎಂದು ಕೂತರೆ ಕಾಯುವುದರಲ್ಲೇ ಆಡುವ ಹುರುಪು ಹೋಗುತ್ತದೆ.

ಯಾವ ಆಟ ಎಂಬುದನ್ನು ಮೊದಲು ತೀರ್ಮಾನಿಸಿ. ಖರ್ಚು ಎಲ್ಲಕ್ಕಿಂತ ಕಡಿಮೆ ಇರುವುದು ಟೇಬಲ್ ಟೆನ್ನಿಸ್‌ಗೆ; ಮನೆಯ ಕುರ್ಚಿಯಲ್ಲೇ ಕಲಿಯಬಹುದು. ಟೇಬಲ್ಲಿನ ಕಾಲುಗಳು ಮಾತ್ರ ಹಿಂಬದಿಯ ಅಂಚಿನಿಂದ ಕನಿಷ್ಠ 40 ಸೆಂ.ಮೀ. ಒಳಗಿರಬೇಕು, ಇಲ್ಲದಿದ್ದರೆ ಕುರ್ಚಿ ಒಳಗೆ ಹೋಗದು. ಅದರಲ್ಲಿ 1ರಿಂದ 5ನೇ ವರ್ಗ ಕೂತು ಆಡುವವರದು, 6ರಿಂದ 10 ನಿಂತು ಆಡುವವರದು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾವಿನಾ ಪಟೇಲ್ ಬೆಳ್ಳಿ ಗೆದ್ದದ್ದು 4ನೇ ವರ್ಗದಲ್ಲಿ. ಗಾಲಿಕುರ್ಚಿ ಟೆನ್ನಿಸ್‌ನಲ್ಲಿ ಚೆಂಡು ಎರಡು ಸಲ ಪುಟಿಯಬಹುದು, ಎರಡನೇ ಸಲ ಕೋರ್ಟಿನ ಹೊರಗೆ ಪುಟಿದರೂ ನಡೆಯುತ್ತದೆ. ಆದರೆ ಕೋರ್ಟು ದೊಡ್ಡದು, ಹೆಚ್ಚಾಗಿ ಬಯಲಿನದು. ಬೆಳಗಾವಿಯ ಮಳೆಗಾಲದಲ್ಲಿ ಬಯಲಿನ ಆಟವನ್ನು ನೆಚ್ಚಿಕೊಳ್ಳುವಂತಿಲ್ಲ. ಸೂರಿನಡಿಯ ಬ್ಯಾಡ್ಮಿಂಟನ್ ಹಾಲ್‌ಗಳು ಊರಲ್ಲಿ ಇದ್ದೇ ಇವೆ. ಹಾಗಾಗಿ ನಾವು ಬ್ಯಾಡ್ಮಿಂಟನ್ ಹಿಡಿದೆವು.

ಪ್ಯಾರಾ ಬ್ಯಾಡ್ಮಿಂಟನ್‌ನಲ್ಲಿ ಆರು ವರ್ಗಗಳಿವೆ. ಡಬ್ಲ್ಯೂಎಚ್1 ಮತ್ತು ಡಬ್ಲ್ಯೂಎಚ್2 ಗಾಲಿಕುರ್ಚಿಯವರದು. ಕಾಲಿನ ಜೊತೆ ಸೊಂಟ, ಹೊಟ್ಟೆ, ಬೆನ್ನಿನ ಹಿಡಿತವೂ ತಪ್ಪಿದ್ದರೆ ಒಂದು. ಕಾಲಿಗೆ ಮಾತ್ರ ತೊಂದರೆಯಿದ್ದು ಮುಂಡದ ಹಿಡಿತ ಚೆನ್ನಾಗಿದ್ದರೆ ಎರಡು. ಕಾಲಿನ ತೊಂದರೆ ಇದ್ದೂ ನಿಂತು ಆಡುವವರಿಗೆ ಎಸ್‌ಎಲ್3, ಎಸ್‌ಎಲ್4. ಕೈಯ ತೊಂದರೆಗೆ ಎಸ್‌ಯು5. ಕುಳ್ಳ ದೇಹದವರಿಗೆ ಎಸ್‌ಎಚ್6. ನಮ್ಮ ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಬೆಳ್ಳಿ ತಂದದ್ದು ಎಸ್‌ಎಲ್4ರಲ್ಲಿ. ಪೋಲಿಯೊ ಆದವರು, ಕೋಲು ಹಿಡಿದೋ ಕ್ಯಾಲಿಪರ್ ಹಾಕಿಯೋ ನಡೆಯುವವರು 'ನಾವು ನಡೀತೀವಲ್ಲ, ಕುರ್ಚಿ ಯಾಕೆ' ಎಂದು ಸುಮ್ಮನಾಗುತ್ತಾರೆ. ದಿನನಿತ್ಯ ಕುರ್ಚಿ ಬಳಸದವರೂ ಅರ್ಹತೆಯಿದ್ದರೆ ಕುರ್ಚಿಯಲ್ಲಿ ಆಡಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ.

ಕಾಗದದ ಕೆಲಸ ಶುರುವಾಗುವುದು ಯುಡಿಐಡಿ, ಅಂದರೆ ಅಂಗವಿಕಲರ ರಾಷ್ಟ್ರೀಯ ಗುರುತಿನ ಕಾರ್ಡಿನಿಂದ. ಹಳೆಯ ಕೈಬರಹದ ಅಂಗವಿಕಲ ಪ್ರಮಾಣಪತ್ರ ಇದ್ದರೂ ಈಗ ಎಲ್ಲ ಕಡೆ ಕೇಳುವುದು ಇದನ್ನೇ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಧಾರ್, ಫೋಟೊ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ದಾಖಲೆ ಏರಿಸಿ, ಆಸ್ಪತ್ರೆ ಆರಿಸಿಕೊಳ್ಳಬೇಕು. ಆಮೇಲೆ ಆಸ್ಪತ್ರೆಯ ಮಂಡಳಿ ಕರೆಯುವವರೆಗೆ ಕಾಯುವುದು. ಮಂಡಳಿ ದಿನಾಲೂ ಕೂಡುವುದಿಲ್ಲ. ವಾರ ಯಾವುದು, ಎಲುಬಿನ ಡಾಕ್ಟರು ಅವತ್ತು ಇರುತ್ತಾರೋ ಇಲ್ಲವೋ ಎಂದು ಫೋನ್ ಮಾಡಿ ಖಾತ್ರಿ ಮಾಡಿಕೊಂಡೇ ಹೊರಡಿ. ಹಳ್ಳಿಯವರಾದರೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿ.ಆರ್.ಡಬ್ಲ್ಯೂ. ಎಂದು ಕರೆಯುವವರನ್ನು ಮೊದಲು ಹಿಡಿಯಿರಿ. ತಾಲ್ಲೂಕಿಗೆ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಇವರಷ್ಟು ಬೇಗ ಹೇಳುವವರಿಲ್ಲ.

ನಮಗೆ ಅಡ್ಡ ಬಂದದ್ದು ಹೆಸರು. ಬೆಳಗಾವಿ, ಅಥಣಿ, ಚಿಕ್ಕೋಡಿ ಕಡೆ ದೊಡ್ಡ ಅಪಘಾತವಾದರೆ ಮಹಾರಾಷ್ಟ್ರದ ಮಿರಜ್‌ಗೆ ಕರೆದೊಯ್ಯುವುದು ರೂಢಿ. ಅಲ್ಲಿಯ ಆಸ್ಪತ್ರೆಯ ಕಾಗದದಲ್ಲಿ ಅಡ್ಡಹೆಸರು ಮೊದಲು, ಆಮೇಲೆ ತನ್ನ ಹೆಸರು, ಕೊನೆಗೆ ತಂದೆಯ ಹೆಸರು. ಆಧಾರ್‌ನಲ್ಲಿ ತನ್ನ ಹೆಸರು ಮುಂದೆ, ತಂದೆಯದು ಬರೀ ಇನಿಶಿಯಲ್. ಇಬ್ಬರೂ ಒಬ್ಬನೇ ಎಂದು ತೋರಿಸಲು ಸ್ಟ್ಯಾಂಪ್ ಪೇಪರಿನ ಮೇಲೆ ಅಫಿಡವಿಟ್ ಬರೆಸಿ ನೋಟರಿ ಸಹಿ ಹಾಕಿಸಬೇಕಾಯಿತು. ಇದರ ಖರ್ಚು ಚಿಕ್ಕದು, ಆದರೆ ಕೈಯಲ್ಲಿ ಇಲ್ಲದಿದ್ದರೆ ಸಾಲಿನಲ್ಲಿ ನಿಂತು ಬರಿಗೈಲಿ ಮರಳಬೇಕಾಗುತ್ತದೆ. ಡಿಸ್ಚಾರ್ಜ್ ಸಮರಿ, ಆಪರೇಶನ್ ನೋಟ್, ಎಂಆರ್‌ಐ ರಿಪೋರ್ಟ್ ಇವುಗಳ ಮೂಲಪ್ರತಿ ಯಾವ ಕಾರಣಕ್ಕೂ ಯಾರಿಗೂ ಬಿಟ್ಟುಕೊಡಬೇಡಿ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಇವು ಕೊನೆಗೆ ಕ್ಲಾಸಿಫಿಕೇಶನ್‌ಗೂ ಬೇಕು.

ಕಾರ್ಡಿನ ಬಣ್ಣ ಅಂಗವೈಕಲ್ಯದ ಪ್ರಮಾಣದ ಮೇಲೆ: ಶೇ. 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಬೇಕು. ಆದರೆ ಆಟದ ವರ್ಗಕ್ಕೂ ಈ ಶೇಕಡಾಕ್ಕೂ ಸಂಬಂಧವಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ 'ಎಂಬತ್ತು ಬರೆಸ್ಕೊಂಡ್ರ ಚಲೋ ವರ್ಗ ಸಿಗತೈತಿ' ಎಂದು ಸಲಹೆ ಕೊಡುವವರು ನಮಗೂ ಸಿಕ್ಕರು. ಕ್ಲಾಸಿಫಿಕೇಶನ್‌ನವರು ಸ್ನಾಯುಗಳನ್ನು ತಾವೇ ಮುಟ್ಟಿ ಪರೀಕ್ಷಿಸುತ್ತಾರೆ. ಕಾರ್ಡಿನ ಅಂಕಿ ನೋಡಿ ವರ್ಗ ಕೊಡುವುದಿಲ್ಲ.

ಕಾರ್ಡು ಕೈಗೆ ಬರುವ ಮೊದಲೇ ಕೋರ್ಟು ಹುಡುಕಿ. ಬೆಳಗಿನ ಆರರಿಂದ ಒಂಬತ್ತು, ಸಂಜೆ ಐದರ ನಂತರ ಎಲ್ಲ ಹಾಲ್‌ಗಳೂ ತುಂಬಿರುತ್ತವೆ. ಮಧ್ಯಾಹ್ನ ಖಾಲಿ, ಬಾಡಿಗೆಯೂ ಕಡಿಮೆ. ನಾವು ಕೇಳಿದ ಒಂದು ಹಾಲ್‌ನ ಮಾಲೀಕರ ಮೊದಲ ಮಾತು: 'ಹುಡುಗಗ ಆಡಾಕ ನನ್ನ ಅಡ್ಡಿ ಇಲ್ಲರಿ ಅಕ್ಕಾರ, ಆದ್ರ ನೆಲಾ ಕೆಡತೈತಿ.' ಅವರ ಚಿಂತೆ ಸುಳ್ಳಲ್ಲ. ಹೊರಗೆ ಓಡಾಡಿದ ಗಾಲಿಯಲ್ಲಿ ಕೆಂಪುಮಣ್ಣು, ಸಣ್ಣ ಹರಳು ಸಿಕ್ಕಿಕೊಂಡಿರುತ್ತವೆ. ಮರದ ನೆಲವನ್ನು ಗೀರುವುದು ಆ ಹರಳು. ಕರಿ ರಬ್ಬರಿನ ಟೈರು ಗೆರೆ ಬಿಡುತ್ತದೆ, ಬೂದು ಬಣ್ಣದ ನಾನ್-ಮಾರ್ಕಿಂಗ್ ಟೈರು ಬಿಡುವುದಿಲ್ಲ. ಬಾಗಿಲಲ್ಲೇ ಒದ್ದೆ ಬಟ್ಟೆಯಿಂದ ನಾಲ್ಕೂ ಗಾಲಿ ಒರೆಸಿ ಒಳಗೆ ಬರುತ್ತೇವೆ ಎಂದು ಹೇಳಿ, ಮಾಲೀಕರ ಎದುರೇ ಒರೆಸಿ ತೋರಿಸಿ. ಸಿಂಥೆಟಿಕ್ ಮ್ಯಾಟ್ ಇರುವ ಕಡೆ ಇನ್ನೊಂದು ತೊಂದರೆ: ಆಟದ ಕುರ್ಚಿಯ ವಾಲಿದ ಗಾಲಿ ಪಕ್ಕಕ್ಕೆ ಒತ್ತುವುದರಿಂದ ಮ್ಯಾಟಿನ ಜೋಡಣೆ ಏಳುತ್ತದೆ. ಆಟಕ್ಕೆ ಮೊದಲು ಜೋಡಣೆಯುದ್ದಕ್ಕೂ ಟೇಪ್ ಹಚ್ಚಬೇಕು. ಬರೀ ಸಿಮೆಂಟಿನ ನೆಲವಾದರೆ ಕುರ್ಚಿ ಚೆನ್ನಾಗಿ ಓಡುತ್ತದೆ, ಟೈರು ಮಾತ್ರ ಬೇಗ ಸವೆಯುತ್ತದೆ.

ಹಾಲ್‌ಗೆ ಮೆಟ್ಟಿಲಿದ್ದರೆ ರ‍್ಯಾಂಪಿನ ಲೆಕ್ಕ ಗೊತ್ತಿರಲಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ 45 ಸೆಂ.ಮೀ. ಎತ್ತರ, ಅದಕ್ಕೆ 5.4 ಮೀಟರ್ ಇಳಿಜಾರು. ಹಲಗೆ ಹಾಕಿ ಕಡಿದಾಗಿ ಏರಿಸಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಜಾಗವಿಲ್ಲದಿದ್ದರೆ ಇಬ್ಬರು ಹಿಡಿದು ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಏರಿಸುವುದೇ ಲೇಸು. ಶೌಚಾಲಯದ ಬಾಗಿಲಿನ ಅಗಲವನ್ನು ಟೇಪು ಹಿಡಿದು ಅಳೆಯಿರಿ, ಕಣ್ಣಳತೆ ಸಾಲದು.

ಈಗ ಕುರ್ಚಿ. ಹೆಚ್ಚು ದುಡ್ಡು, ಹೆಚ್ಚು ಹೊತ್ತು, ಹೆಚ್ಚು ತಲೆಬಿಸಿ ಎಲ್ಲವೂ ಇಲ್ಲಿಯೇ. ಅಂಗವಿಕಲರಿಗೆ ಸಾಧನ ಕೊಡುವ ಸರ್ಕಾರದ ಅಡಿಪ್ ಯೋಜನೆಯ ಶಿಬಿರಗಳಲ್ಲಿ ಅಲಿಮ್ಕೊ ಸಂಸ್ಥೆಯವರು ಕೊಡುವುದು ಮಡಚುವ ಸಾಮಾನ್ಯ ಕುರ್ಚಿ. ಅದು ಮನೆಗೆ ಸರಿ. ಶುರುವಿನ ಅಭ್ಯಾಸಕ್ಕೂ ಸಾಕು: ಕೈಯೊರಗು ಬಿಚ್ಚಬಹುದಾದರೆ ಬಿಚ್ಚಿ, ಸೊಂಟಕ್ಕೂ ತೊಡೆಗೂ ಬೆಲ್ಟ್ ಕಟ್ಟಿ, ಯಾರನ್ನಾದರೂ ಹಿಂದೆ ನಿಲ್ಲಿಸಿಕೊಂಡು ಶಟಲ್ ಹೊಡೆಯಿರಿ. ಆದರೆ ಆ ಕುರ್ಚಿಯಲ್ಲಿ ಜೋರಾಗಿ ಹಿಂದಕ್ಕೆ ಬಾಗುವುದು ಬೇಡವೇ ಬೇಡ, ಅದಕ್ಕೆ ಮಗುಚದಂತೆ ತಡೆಯುವ ಹಿಂಗಾಲಿ ಇಲ್ಲ.

ಆಟದ ಕುರ್ಚಿಯ ಫ್ರೇಮು ಮಡಚುವುದಿಲ್ಲ, ಅಲ್ಯೂಮಿನಿಯಮ್‌ನದು. ದೊಡ್ಡ ಗಾಲಿಗಳು 15ರಿಂದ 20 ಡಿಗ್ರಿ ವಾಲಿರುತ್ತವೆ. ಇದನ್ನು ಕ್ಯಾಂಬರ್ ಎನ್ನುತ್ತಾರೆ. ತಿರುವು ಚುರುಕಾಗುವುದು, ಪಕ್ಕಕ್ಕೆ ಬಾಗಿದರೂ ಉರುಳದಿರುವುದು ಇದರಿಂದ. ಹಿಂದೆ ಒಂದೋ ಎರಡೋ ಪುಟ್ಟ ಗಾಲಿ, ನೆಲಕ್ಕೆ ಒಂದು ಬೆರಳಿನಷ್ಟು ಸಂದು ಬಿಟ್ಟು ಕೂತಿರುತ್ತದೆ. ಕ್ಲಿಯರ್, ಅಂದರೆ ಎದುರಿನ ಹಿಂದಿನ ಗೆರೆಯವರೆಗೆ ಎತ್ತರದ ಹೊಡೆತ, ಹೊಡೆಯಲು ಹಿಂದಕ್ಕೆ ಬಾಗಿದಾಗ ಭಾರ ಹೊರುವುದು ಅದೇ. ಹೊಸ ಕುರ್ಚಿ ಬಂದಾಗ ಮೊದಲು ಅದರ ನಟ್ಟು ಬಿಗಿಯಾಗಿದೆಯೇ ನೋಡಿ.

ಅಳತೆ ಕೊಡುವಾಗ ದರ್ಜಿಯ ಟೇಪನ್ನು ಸೊಂಟಕ್ಕೆ ಸುತ್ತಿದರೆ ಪ್ರಯೋಜನವಿಲ್ಲ. ಗಟ್ಟಿ ಹಲಗೆಯ ಮೇಲೆ, ಆಡುವ ಚಡ್ಡಿಯಲ್ಲೇ ಕೂಡಿಸಿ. ಎರಡೂ ಪಕ್ಕಕ್ಕೆ ದಪ್ಪ ಪುಸ್ತಕ ನೆಟ್ಟಗೆ ನಿಲ್ಲಿಸಿ, ಸೊಂಟಕ್ಕೆ ತಾಗುವಷ್ಟು ಒತ್ತಿ, ಪುಸ್ತಕಗಳ ನಡುವಿನ ಅಂತರ ಅಳೆಯಿರಿ. ಅದು ಆಸನದ ಅಗಲ. ಮನೆಯ ಕುರ್ಚಿಗೆ ಬೆರಳು ಹೋಗುವಷ್ಟು ಸಡಿಲ ಬೇಕು, ಆಟದ ಕುರ್ಚಿಗೆ ಬೇಡ. ಸಡಿಲಿದ್ದರೆ ದೇಹ ತಿರುಗುತ್ತದೆ, ಕುರ್ಚಿ ತಿರುಗುವುದಿಲ್ಲ. ಪೃಷ್ಠದ ಹಿಂಬದಿಯಿಂದ ಮೊಣಕಾಲಿನ ಮಡಿಕೆಯವರೆಗೆ ಅಳೆದು ಅದರಲ್ಲಿ ಎರಡು-ಮೂರು ಬೆರಳು ಕಳೆದರೆ ಆಸನದ ಉದ್ದ. ಕಳೆಯದಿದ್ದರೆ ಆಸನದ ಅಂಚು ಮೊಣಕಾಲಿನ ಹಿಂದೆ ಒತ್ತಿ ಗಾಯವಾಗುತ್ತದೆ, ಸ್ಪರ್ಶ ಇಲ್ಲದವರಿಗೆ ಅದು ಗೊತ್ತೂ ಆಗುವುದಿಲ್ಲ. ಮೊಣಕಾಲಿನ ಮಡಿಕೆಯಿಂದ ಹಿಮ್ಮಡಿಗೆ, ಬೂಟು ಹಾಕಿ, ಎರಡೂ ಕಾಲು ಬೇರೆಬೇರೆಯಾಗಿ ಅಳೆಯಿರಿ. ಪೋಲಿಯೊ ಆದವರಲ್ಲಿ ಎರಡೂ ಸಮ ಇರುವುದಿಲ್ಲ. ದಿಂಬು ಕೂತಾಗ ಎಷ್ಟು ತಗ್ಗುತ್ತದೆ ಎಂಬುದನ್ನೂ ಬರೆದುಕೊಡಿ. ಎತ್ತರ ಸರಿಯಿದೆಯೇ ಎಂದು ತಿಳಿಯಲು ಗಾಲಿಯ ನೆತ್ತಿಯ ಮೇಲೆ ಕೈಯಿಟ್ಟು ನೋಡಿ: ತೋಳಿಗೂ ಮುಂಗೈಗೂ ನಡುವೆ ಮೊಣಕೈಯ ಕೋನ 100ರಿಂದ 120 ಡಿಗ್ರಿ ಇರಬೇಕು. ಅದಕ್ಕಿಂತ ಹೆಚ್ಚು ಮಡಚಿದ್ದರೆ ಆಸನ ತೀರಾ ತಗ್ಗು, ಭುಜ ಬೇಗ ನೋಯುತ್ತದೆ. ಬೆನ್ನೊರಗು ಮುಂಡದ ಹಿಡಿತ ಇರುವವರಿಗೆ ಗಿಡ್ಡದು, ಇಲ್ಲದವರಿಗೆ ಎತ್ತರದ್ದು.

ಬೆಲೆ ಮೊದಲೇ ಕೇಳಿ ಎದೆ ಗಟ್ಟಿ ಮಾಡಿಕೊಳ್ಳಿ. ಆಮದು ಕುರ್ಚಿ ಲಕ್ಷಗಳ ಮಾತು. ದೇಶದಲ್ಲೇ ಮಾಡುವವರ ಬಳಿ ಅದಕ್ಕಿಂತ ಸಾಕಷ್ಟು ಕಡಿಮೆಗೆ ಸಿಗುತ್ತದೆ. ಕೊಟೇಶನ್‌ನಲ್ಲಿ ಜಿಎಸ್‌ಟಿ, ಸಾಗಾಣಿಕೆ, ಬಿಡಿ ಗಾಲಿ, ಬೆಲ್ಟು ಸೇರಿವೆಯೇ ಎಂದು ಬರೆಸಿಕೊಳ್ಳಿ. ಗ್ರಾಮ ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗೆಂದು ತೆಗೆದಿಡುವ ಶೇ. 5ರ ನಿಧಿಗೆ ಕೊಟೇಶನ್ ಲಗತ್ತಿಸಿ ಅರ್ಜಿ ಕೊಡಬಹುದು. ಆರ್ಥಿಕ ವರ್ಷದ ಕೊನೆಗೆ ಹೋದರೆ ದುಡ್ಡು ಹಂಚಿ ಮುಗಿದಿರುತ್ತದೆ. ಏಪ್ರಿಲ್-ಮೇನಲ್ಲೇ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಅಳತೆ ಕೊಟ್ಟ ಮೇಲೆ ಕುರ್ಚಿ ತಯಾರಾಗಿ ಬರುವವರೆಗಿನ ಕಾಯುವಿಕೆ ಎಲ್ಲಕ್ಕಿಂತ ಬೇಸರದ್ದು. ಆಡುವ ಹುಡುಗ ದಿನವೂ 'ಬಂತೇನ?' ಎಂದು ಕೇಳುವಾಗ ಮನೆಯವರಿಗೆ ಉತ್ತರ ಇರುವುದಿಲ್ಲ.

ಕುರ್ಚಿ ಬಂದ ದಿನ ಎಲ್ಲರೂ ಎಡವುವುದು ಬಾಗಿಲಲ್ಲಿ. 24 ಇಂಚಿನ ಗಾಲಿ 18 ಡಿಗ್ರಿ ವಾಲಿದರೆ ನೆತ್ತಿಗಿಂತ ಬುಡ ಒಂದೊಂದು ಪಕ್ಕಕ್ಕೆ ಸುಮಾರು 19 ಸೆಂ.ಮೀ. ಹೊರಗೆ ಬರುತ್ತದೆ. ಒಟ್ಟು ಅಗಲ 80 ಸೆಂ.ಮೀ. ದಾಟುತ್ತದೆ. ಎರಡೂವರೆ ಅಡಿ ಬಾಗಿಲು 76 ಸೆಂ.ಮೀ. ಮಾತ್ರ. ಆದ್ದರಿಂದ ಗಾಲಿಗಳು ನಡುವಿನ ಗುಂಡಿ ಒತ್ತಿದರೆ ಕಳಚಿ ಬರುವಂಥವೇ ಇರಬೇಕು. ಗಾಲಿ ಕಳಚಿದರೆ ಫ್ರೇಮು ಆಟೊದಲ್ಲಿ ಕೂಡುತ್ತದೆ. ಮತ್ತೆ ಹಾಕುವಾಗ 'ಟಕ್' ಎಂದು ಕೇಳುವವರೆಗೆ ಒತ್ತಿ, ಆಮೇಲೆ ಹೊರಕ್ಕೆ ಎಳೆದು ನೋಡಿ. ಅರೆಬರೆ ಕೂತ ಗಾಲಿ ಆಟದ ನಡುವೆ ಕಳಚಿದರೆ ಬೀಳುವುದು ಆಡುವವನ ಹೆಗಲ ಮೇಲೆ.

ಪಂಚರ್ ಆದಾಗ ಇನ್ನೊಂದು ಪಾಠ. ಟೈರಿನ ಮೇಲೆ 25-540 ಎಂದು ಬರೆದಿರುತ್ತದೆ; 540 ಎಂದರೆ ಮಿ.ಮೀ.ನಲ್ಲಿ ರಿಮ್ಮಿನ ಅಳತೆ. ಸೈಕಲ್ ಅಂಗಡಿಯಲ್ಲಿ '24 ಇಂಚು' ಎಂದು ಕೇಳಿದರೆ ಕೊಡುವುದು ಸಾಮಾನ್ಯವಾಗಿ 507 ರಿಮ್ಮಿನದು. ಹೆಸರಿಗೆ ಎರಡೂ 24, ಆದರೆ ಇದಕ್ಕೆ ಅದು ಕೂಡುವುದಿಲ್ಲ. ಕುರ್ಚಿಯ ಜೊತೆಗೇ ಟ್ಯೂಬು, ಟೈರು ಹೆಚ್ಚುವರಿ ತರಿಸಿಕೊಳ್ಳಿ. ವಾಲ್ವು ತೆಳ್ಳಗಿನ ಪ್ರೆಸ್ಟಾ ಆಗಿದ್ದರೆ ಚಿಕ್ಕ ಹಿತ್ತಾಳೆ ಅಡಾಪ್ಟರ್ ಬೇಕು, ಇಲ್ಲದಿದ್ದರೆ ಪಂಚರ್ ಅಂಗಡಿಯ ಪಂಪು ಹಿಡಿಯುವುದಿಲ್ಲ. ಗಾಳಿ ಎಷ್ಟು ಎಂಬುದು ಟೈರಿನ ಮೇಲೇ ಇರುತ್ತದೆ, ಹೆಚ್ಚಾಗಿ 100 ಪಿಎಸ್‌ಐ ಮೇಲೆ. ಗಾಳಿ ಕಡಿಮೆಯಾದರೆ ಪ್ರತಿ ತಳ್ಳಿಗೂ ಭುಜ ದಂಡ ತೆರುತ್ತದೆ.

ಆಟದ ನಿಯಮಗಳಲ್ಲಿ ಬೇರೆಯಾದವು ಕೆಲವೇ. ನೆಟ್ಟು ಅದೇ ಎತ್ತರ, ನಡುವೆ 1.524 ಮೀಟರ್. ಗಾಲಿಕುರ್ಚಿ ಸಿಂಗಲ್ಸ್‌ಗೆ ಅರ್ಧ ಕೋರ್ಟು. ನೆಟ್ಟಿನಿಂದ 1.98 ಮೀಟರ್ ದೂರದ ಶಾರ್ಟ್ ಸರ್ವಿಸ್ ಗೆರೆಯ ಈಚೆ ಬಿದ್ದ ಶಟಲ್ ಔಟ್. ಹಾಗಾಗಿ ಒಂದೊಂದು ಕಡೆಗೆ ಆಡುವ ಉದ್ದ ಸುಮಾರು 4.7 ಮೀಟರ್: ಕಿರಿದಾದ, ಉದ್ದನೆಯ ಓಣಿ. ಇಡೀ ಆಟ ಹಿಂದಕ್ಕೂ ಮುಂದಕ್ಕೂ. ಸರ್ವ್ ಮಾಡುವಾಗ ಶಟಲ್ ಪೂರ್ತಿ ಕಂಕುಳಿನ ಕೆಳಗಿರಬೇಕು, ಸರ್ವ್ ಮುಗಿಯುವವರೆಗೆ ಇಬ್ಬರ ಗಾಲಿಯೂ ಅಲುಗಬಾರದು. ಹೊಡೆಯುವ ಕ್ಷಣಕ್ಕೆ ಮುಂಡದ ಯಾವುದಾದರೂ ಭಾಗ ಆಸನಕ್ಕೆ ತಾಗಿರಬೇಕು, ಪಾದ ನೆಲ ಮುಟ್ಟಬಾರದು. ಕಾಲಿನಲ್ಲಿ ಸ್ವಲ್ಪ ಬಲ ಇರುವವರು ಬ್ರೇಕಿನಂತೆ ಪಾದ ಊರುತ್ತಾರೆ, ಅದು ಫಾಲ್ಟ್. ಪಾದಕ್ಕೂ ಪಟ್ಟಿ ಕಟ್ಟಿಬಿಡಿ.

ಅಭ್ಯಾಸದ ಮೊದಲ ದಿನಗಳಲ್ಲಿ ಶಟಲ್ ಬೇಡ. ರ‍್ಯಾಕೆಟ್ ಕೈಯಲ್ಲೇ ಹಿಡಿದು ಎರಡು ತಳ್ಳು ಮುಂದೆ, ಎರಡು ಎಳೆತ ಹಿಂದೆ. ಹಿಡಿಕೆಯನ್ನು ಹೆಬ್ಬೆರಳು ಮತ್ತು ಅಂಗೈ ನಡುವೆ ಇಟ್ಟು ಅಂಗೈಯ ಬುಡದಿಂದ ಗಾಲಿ ತಳ್ಳುವುದು ರೂಢಿಯಾಗಬೇಕು. ಬೆರಳು ಗಾಲಿಯ ಕಡ್ಡಿಗಳಿಗೆ ಸಿಕ್ಕಿಕೊಂಡರೆ ಉಗುರು ಹೋಗುತ್ತದೆ. ಹಿಂದಕ್ಕೆ ಎಳೆಯುವುದೇ ಕಷ್ಟದ ಭಾಗ, ಅದಕ್ಕೇ ಹೆಚ್ಚು ಸಮಯ ಕೊಡಿ. ಆಮೇಲೆ ಕ್ಲಿಯರ್, ಮೆಲ್ಲಗೆ ನೆಟ್ಟಿನಾಚೆ ಬೀಳಿಸುವ ಡ್ರಾಪ್. 5ಯು ಅಥವಾ 4ಯು ತೂಕದ ರ‍್ಯಾಕೆಟ್ ಸಾಕು, ಅಂದರೆ 75ರಿಂದ 84 ಗ್ರಾಂ. ಕಲಿಯುವಾಗ ನೈಲಾನ್ ಶಟಲ್ ಉಳಿತಾಯ. ಹಸಿರು ಪಟ್ಟಿ ನಿಧಾನದ್ದು, ನೀಲಿ ಮಧ್ಯಮ, ಕೆಂಪು ವೇಗದ್ದು. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಶಟಲ್ ತುಸು ಹೆಚ್ಚೇ ಹಾರುತ್ತದೆ, ಬೇಸಿಗೆಯಲ್ಲಿ ಹಸಿರೇ ಸರಿ. ಟೂರ್ನಿಗೆ ಮುಂಚೆ ಪುಕ್ಕದ ಶಟಲ್‌ನಲ್ಲಿ ಆಡಿ ರೂಢಿಸಿಕೊಳ್ಳಿ. ಅದರ ವೇಗ ಸರಿಯಿದೆಯೇ ನೋಡಲು ಹಿಂದಿನ ಗೆರೆಯಿಂದ ಕೆಳಗೈಲಿ ಪೂರ್ತಿ ಹೊಡೆದರೆ, ಎದುರಿನ ಹಿಂದಿನ ಗೆರೆಗೆ 53ರಿಂದ 99 ಸೆಂ.ಮೀ. ಈಚೆ ಬೀಳಬೇಕು.

ದೇಹದ ಎಚ್ಚರವನ್ನು ಕೋಚ್‌ಗಳು ಹೇಳಿಕೊಡುವುದಿಲ್ಲ, ಏಕೆಂದರೆ ಅವರಿಗೆ ಗೊತ್ತಿರುವುದಿಲ್ಲ. ಬೆನ್ನುಹುರಿಯ ಪೆಟ್ಟಿನವರು 15-20 ನಿಮಿಷಕ್ಕೊಮ್ಮೆ ಕೈಯೂರಿ ಪೃಷ್ಠ ಎತ್ತಬೇಕು ಅಥವಾ ಮುಂದಕ್ಕೆ ಬಾಗಬೇಕು. ಮನೆಗೆ ಬಂದ ಕೂಡಲೇ ಕನ್ನಡಿ ಹಿಡಿದು ಚರ್ಮ ನೋಡಿ. ಕೆಂಪಾದದ್ದು ಅರ್ಧ ಗಂಟೆಯಲ್ಲಿ ಮಾಸದಿದ್ದರೆ ಮರುದಿನ ಆಟವಿಲ್ಲ. ಪೆಟ್ಟು ಬೆನ್ನುಮೂಳೆಯ ಎದೆಭಾಗದ ಆರನೇ ಮಣಿಯ (ಟಿ6) ಮಟ್ಟ ಅಥವಾ ಅದಕ್ಕೂ ಮೇಲಿದ್ದರೆ ಇನ್ನೂ ಹುಷಾರು: ಕೆಳಭಾಗ ಬೆವರುವುದಿಲ್ಲ, ಮೈ ಕಾಯುತ್ತದೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ತಗಡಿನ ಸೂರಿನ ಹಾಲ್‌ನಲ್ಲಿ ಮಧ್ಯಾಹ್ನ ಆಡಿಸಬೇಡಿ. ಒದ್ದೆ ಟವೆಲ್, ನೀರು ಸಿಂಪಡಿಸುವ ಬಾಟಲಿ ಜೊತೆಗಿರಲಿ. ಒಮ್ಮೆಲೇ ತಲೆ ಸಿಡಿದು ಮುಖ ಕೆಂಪೇರಿದರೆ ನೆಟ್ಟಗೆ ಕೂಡಿಸಿ, ಬೆಲ್ಟು ಸಡಿಲಿಸಿ, ಮೂತ್ರಚೀಲದ ಕೊಳವೆ ಮಡಚಿದೆಯೇ ನೋಡಿ. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ. ಪೋಲಿಯೊ ಆದವರಿಗೆ ದಣಿವು ಮರುದಿನ ಎದ್ದು ಕಾಣುತ್ತದೆ. ಅವರನ್ನು 'ಇನ್ನೊಂದು ಗೇಮ್' ಎಂದು ಒತ್ತಾಯಿಸಬಾರದು.

ಕ್ಲಾಸಿಫಿಕೇಶನ್‌ಗೆ ಟೂರ್ನಿ ಶುರುವಾಗುವ ಮುಂಚೆಯೇ ಹೋಗಿ ತಲುಪಬೇಕು. ರೈಲಿನ ರಿಯಾಯಿತಿಗೆ ರೈಲ್ವೆಯ ಪ್ರತ್ಯೇಕ ಗುರುತಿನ ಚೀಟಿ ಮಾಡಿಸಿಡಿ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರಿಗೆ ಸ್ಲೀಪರ್‌ನಲ್ಲಿ ಶೇ. 75 ರಿಯಾಯಿತಿ, ಜೊತೆಗಾರರಿಗೂ ಅಷ್ಟೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರೂ ಜಿಲ್ಲೆಗಳು ಬರುವುದು ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ. ಬಿಚ್ಚಿದ ಗಾಲಿಗಳನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಡಿ, ಪಂಪನ್ನು ಕೈಚೀಲದಲ್ಲಿ.

ಅಲ್ಲಿ ಮೊದಲು ವೈದ್ಯಕೀಯ ನಮೂನೆ ಕೇಳುತ್ತಾರೆ. ಅದನ್ನು ಊರಲ್ಲೇ ತಜ್ಞ ವೈದ್ಯರಿಂದ ತುಂಬಿಸಿ ಸೀಲು ಹಾಕಿಸಿರಬೇಕು. 'ನಡೆಯಲು ಬರುವುದಿಲ್ಲ' ಎಂದಷ್ಟೇ ಬರೆದರೆ ಸಾಲದು. ಕಾಯಿಲೆಯ ಹೆಸರು, ಪೆಟ್ಟಿನ ಮಟ್ಟ, ಯಾವಾಗ ಆಯಿತು, ಸ್ಥಿರವಾಗಿದೆಯೇ, ಯಾವ ಸ್ನಾಯುವಿಗೆ 0ರಿಂದ 5ರಲ್ಲಿ ಎಷ್ಟು ಬಲ, ಸದ್ಯ ತೆಗೆದುಕೊಳ್ಳುವ ಮಾತ್ರೆಗಳು ಎಲ್ಲ ಬೇಕು. ಇಂಥ ನಮೂನೆ ನೋಡದ ವೈದ್ಯರು ಒಂದು ಸಾಲು ಬರೆದು ಸಹಿ ಹಾಕಿಬಿಡುತ್ತಾರೆ. ಫಿಸಿಯೊಥೆರಪಿಸ್ಟ್ ಬಳಿ ಮೊದಲು ಸ್ನಾಯುಬಲದ ಪಟ್ಟಿ ಮಾಡಿಸಿ, ಅದನ್ನು ಹಿಡಿದು ವೈದ್ಯರ ಬಳಿ ಹೋದರೆ ಕೆಲಸ ಸುಲಭ. ಬರೀ ನೋವಿನ ಕಾರಣಕ್ಕೆ ವರ್ಗ ಸಿಗುವುದಿಲ್ಲ.

ಪರೀಕ್ಷೆಯಲ್ಲಿ ಮಂಚದ ಮೇಲೆ ಮಲಗಿಸಿ ಸೊಂಟ, ಮೊಣಕಾಲು, ಪಾದದ ಒಂದೊಂದು ಸ್ನಾಯುವನ್ನೂ ಅಲುಗಿಸಿ ನೋಡುತ್ತಾರೆ. ಕೂಡಿಸಿ ಕೈಚಾಚಿ ಪಕ್ಕಕ್ಕೆ ಬಾಗಲು, ತಿರುಗಲು ಹೇಳುತ್ತಾರೆ; ಒಂದು ಮತ್ತು ಎರಡರ ನಡುವಿನ ತೀರ್ಮಾನ ನಿಂತಿರುವುದು ಇಲ್ಲಿ. ಆಮೇಲೆ ಸ್ವಂತ ಕುರ್ಚಿ, ರ‍್ಯಾಕೆಟ್, ಬೆಲ್ಟುಗಳೊಂದಿಗೆ ಕೋರ್ಟಿನಲ್ಲಿ ಆಡಿಸುತ್ತಾರೆ, ಪಂದ್ಯದಲ್ಲೂ ಗಮನಿಸುತ್ತಾರೆ. ಬಲ ಇದ್ದೂ ಇಲ್ಲವೆಂದು ನಟಿಸಿದರೆ ಆಟದಿಂದಲೇ ದೂರ ಇಡುತ್ತಾರೆ, ಆ ಸಲಹೆ ಕೊಡುವವರ ಮಾತಿಗೆ ಕಿವಿಗೊಡಬೇಡಿ. ಬಾಗಿಲ ಹೊರಗೆ ಕಾಯುವ ಹೊತ್ತು ಮಾತ್ರ ಯಾರಿಗೂ ಹಗುರವಲ್ಲ: ಇಷ್ಟೆಲ್ಲ ಮಾಡಿ ಅರ್ಹತೆಯೇ ಇಲ್ಲ ಎಂದರೆ ಎಂಬ ಭಯ ಎಲ್ಲರ ಮುಖದಲ್ಲೂ ಇರುತ್ತದೆ. ಫಲಿತಾಂಶದ ಚೀಟಿಯಲ್ಲಿ ವರ್ಗದ ಪಕ್ಕ 'ರಿವ್ಯೂ' ಎಂದಿದ್ದರೆ ಮುಂದೆ ಮತ್ತೆ ನೋಡುತ್ತಾರೆ ಎಂದರ್ಥ, 'ಕನ್‌ಫರ್ಮ್ಡ್' ಎಂದಿದ್ದರೆ ಖಾಯಂ. ಅದರ ಫೋಟೊ ಅಲ್ಲೇ ತೆಗೆದುಕೊಳ್ಳಿ.

ಈಗ ನಮ್ಮ ಮುಂದಿರುವುದು ಡಬಲ್ಸ್. ಗಾಲಿಕುರ್ಚಿ ಡಬಲ್ಸ್‌ನಲ್ಲಿ ಜೋಡಿಯ ವರ್ಗದ ಅಂಕಿ ಕೂಡಿಸಿದರೆ ಮೂರು ದಾಟಬಾರದು. ಎರಡು ಡಬ್ಲ್ಯೂಎಚ್2 ಒಟ್ಟಿಗೆ ಆಡುವಂತಿಲ್ಲ. ತಮ್ಮನಿಗೆ ಡಬ್ಲ್ಯೂಎಚ್1 ಜೊತೆಗಾರನೇ ಬೇಕು. ಮುಂಡದ ಹಿಡಿತ ಕಡಿಮೆ ಇರುವವರನ್ನು 'ಇವರಿಂದ ಆಗಲಿಕ್ಕಿಲ್ಲ' ಎಂದು ಮನೆಯವರೇ ಮೊದಲು ಕೈಬಿಡುತ್ತಾರೆ, ಜೋಡಿಗೆ ಬೇಕಾದವರು ಮಾತ್ರ ಅವರೇ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಯಾವ ಊರಲ್ಲಿ ಅಂಥವರು ಇದ್ದರೂ ಮನೆಯ ಕುರ್ಚಿಯಲ್ಲೇ ಎತ್ತರದ ಬೆನ್ನೊರಗು, ಎದೆಗೊಂದು ಬೆಲ್ಟು ಕಟ್ಟಿ, ಒಬ್ಬರನ್ನು ಹಿಂದೆ ನಿಲ್ಲಿಸಿಕೊಂಡು ಶಟಲ್ ಹೊಡೆಯಲು ಶುರು ಮಾಡಲಿ. ಕಾರ್ಡಿನ ಅರ್ಜಿ, ಕುರ್ಚಿಯ ಅಳತೆ ಅದೇ ವಾರ ಆಗಲಿ.